ಒತ್ತಮ್ಮನ ಕೈ

ಆ ಆಸ್ಪತ್ರೆಯ ಸ್ಕ್ಯಾನಿಂಗ್ ಡಾಕ್ಟರಿಗೆ ರೋಗಿಗಳು ಇಟ್ಟ ಹೆಸರು ಒತ್ತಮ್ಮ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಯಾರೂ ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ. ಒಳಗಿಂದ ಹೊಟ್ಟೆ ನೀವಿಕೊಳ್ಳುತ್ತ ಬಂದವರು ಬೆಂಚಿನ ಮೇಲೆ ಕಾಯುತ್ತಿದ್ದವರಿಗೆ, "ಹುಷಾರು, ಇವತ್ತು ಒತ್ತಮ್ಮ ಇದ್ದಾಳೆ" ಎಂದು ಹೇಳಿಯೇ ಹೋಗುತ್ತಿದ್ದರು. ಅವಳಿಗೆ ಇದೆಲ್ಲ ಗೊತ್ತಿತ್ತು. ಬೇಸರವೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆ ಇತ್ತು.

ಹೆಮ್ಮೆ ಪಡುವಂಥ ಕೆಲಸವೇ ಅದು. ಬಲಗಡೆ ಕಿಬ್ಬೊಟ್ಟೆ ನೋವೆಂದು ಬಂದವರ ಅಪೆಂಡಿಕ್ಸ್ ಬಾತಿದೆಯೋ ಇಲ್ಲವೋ ಎಂದು ಸ್ಕ್ಯಾನ್ ಮಾಡಿ ಹೇಳುವುದು ಹುಡುಗಾಟವಲ್ಲ. ಮಕ್ಕಳ ಹೊಟ್ಟೆ ತೆಳು, ಬೇಗ ಕಂಡೀತು. ದೊಡ್ಡವರದು ಹಾಗಲ್ಲ. ಮೇಲೆ ಕೊಬ್ಬು, ಅದರ ಕೆಳಗೆ ಗಾಳಿ ತುಂಬಿದ ಕರುಳು, ಆ ಕರುಳಿನ ಮರೆಯಲ್ಲೆಲ್ಲೋ ಕಿರುಬೆರಳಿಗಿಂತ ಸಣ್ಣ, ತುದಿ ಮುಚ್ಚಿದ ಒಂದು ಕೊಳವೆ. ಗಾಳಿ ಇದ್ದಲ್ಲಿ ಯಂತ್ರಕ್ಕೆ ಕಣ್ಣಿಲ್ಲ. ಗಾಳಿಯನ್ನು ಪಕ್ಕಕ್ಕೆ ಸರಿಸಬೇಕಾದರೆ ಕೈಯಲ್ಲಿರುವ ಪ್ರೋಬನ್ನು ಹೊಟ್ಟೆಯ ಮೇಲಿಟ್ಟು ಒತ್ತಬೇಕು. ಒಮ್ಮೆಗೇ ಅಲ್ಲ, ಮೆಲ್ಲಗೆ, ರೋಗಿ ಉಸಿರು ಬಿಟ್ಟಾಗಲೆಲ್ಲ ಇನ್ನಷ್ಟು ಒಳಕ್ಕೆ. ಒಳ್ಳೆಯ ಕರುಳಾದರೆ ಒತ್ತಿದೊಡನೆ ಚಪ್ಪಟೆಯಾಗುತ್ತದೆ. ಬಾತ ಅಪೆಂಡಿಕ್ಸ್ ಜಪ್ಪಯ್ಯ ಅಂದರೂ ಚಪ್ಪಟೆಯಾಗದು, ದುಂಡಗೇ ನಿಲ್ಲುತ್ತದೆ. ಕಷ್ಟವೇನೆಂದರೆ ಎಲ್ಲಿ ನೋವು ಹೆಚ್ಚೋ ಅಲ್ಲೇ ಒತ್ತಬೇಕು. ಒತ್ತಿದರೆ ರೋಗಿ ಅರಚುತ್ತಾನೆ, ಒತ್ತದಿದ್ದರೆ ಕಾಯಿಲೆ ಕಾಣುವುದಿಲ್ಲ.

ಉಳಿದ ಡಾಕ್ಟರುಗಳು ರೋಗಿ ಎರಡು ಸಲ ಅಯ್ಯೋ ಎಂದರೆ ಕೈ ಎತ್ತಿಬಿಡುತ್ತಿದ್ದರು. "ಅಪೆಂಡಿಕ್ಸ್ ಕಾಣಲಿಲ್ಲ" ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಒತ್ತಮ್ಮ ಬಿಡುವ ಜಾತಿಯವಳಲ್ಲ. "ಇನ್ನೊಂದು ಚೂರು, ಇನ್ನೊಂದೇ ಒಂದು ಚೂರು" ಎಂದು ಮಗುವಿಗೆ ತುತ್ತು ಕೊಡುವವಳ ಹಾಗೆ ಪುಸಲಾಯಿಸುತ್ತ, ಎಡಗೈಯನ್ನು ಸೊಂಟದ ಕೆಳಗೆ ತೂರಿಸಿ ಹಿಂದಿನಿಂದಲೂ ಒತ್ತಿ, ಆ ಕಡೆ ಹೊರಳಿಸಿ, ಈ ಕಡೆ ಹೊರಳಿಸಿ, ಸಿಗುವ ತನಕ ಹುಡುಕುತ್ತಿದ್ದಳು. ಒಮ್ಮೆ ಕುಸ್ತಿ ಆಡುವವನೊಬ್ಬ, ಬಾಗಿಲಲ್ಲಿ ಅಡ್ಡ ನಿಂತರೆ ಬೆಳಕು ಬಾರದಂಥ ಆಳು, ಅವಳ ಕೈಕೆಳಗೆ ಗೊಳೋ ಎಂದು ಅತ್ತಿದ್ದ. ಅವನ ಅಪೆಂಡಿಕ್ಸ್ ಒಡೆಯುವ ಮುಂಚೆಯೇ ಸಿಕ್ಕಿತು, ಬದುಕಿಕೊಂಡ.

ಹೀಗಾಗಿ ಆ ಆಸ್ಪತ್ರೆಯಲ್ಲಿ ಒಂದು ರೂಢಿ ಬೆಳೆದಿತ್ತು. ಬೇರೆಯವರು "ಕಾಣಲಿಲ್ಲ" ಎಂದರೆ ಸರ್ಜನ್ ಆ ರೋಗಿಯನ್ನು ಸಿಟಿ ಸ್ಕ್ಯಾನಿಗೆ ಕಳಿಸುತ್ತಿದ್ದರು. ಒತ್ತಮ್ಮ "ಕಾಣಲಿಲ್ಲ" ಎಂದರೆ ಮನೆಗೆ ಕಳಿಸುತ್ತಿದ್ದರು. ಕಾಣಲಿಲ್ಲ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಭೂಮಿ ಆಕಾಶದಷ್ಟು ಅಂತರ. ಅದನ್ನು ಸರ್ಜನ್ನಿಗೆ ತಿದ್ದಿ ಹೇಳಬೇಕಾದವಳು ಅವಳೇ. ಹೇಳುವುದಿರಲಿ, ಒಂದು ದಿನ ಟೀ ಕುಡಿಯುತ್ತ ಅವಳೇ ಅಂದುಬಿಟ್ಟಿದ್ದಳು: "ನಾನು ಹುಡುಕಿ ಸಿಗ್ಲಿಲ್ಲ ಅಂದ್ರೆ ಅದು ಅಲ್ಲಿಲ್ಲ ಅಂತ ಇಟ್ಕೊಳ್ಳಿ ಸರ್." ಸರ್ಜನ್ ನಕ್ಕಿದ್ದರು. ನಕ್ಕು, ಹಾಗೆಯೇ ಇಟ್ಟುಕೊಂಡಿದ್ದರು.

ಇಂಥವಳ ಮುಂದೆ ಒಂದು ಮಧ್ಯಾಹ್ನ ಅವಳ ಅಕ್ಕ ಬಂದು ಮಲಗಿದಳು.

ಅಕ್ಕ ಎಂದರೆ ಬರೀ ಅಕ್ಕನಲ್ಲ. ತಾಯಿ ತೀರಿಕೊಂಡಾಗ ಒತ್ತಮ್ಮನಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಅವಳಿಗೆ ತಲೆ ಬಾಚಿದ್ದು, ಮೈ ತೊಳೆದದ್ದು, ಜ್ವರ ಬಂದಾಗ ಎದೆಗೆ ಒರಗಿಸಿಕೊಂಡು ಕೂತದ್ದು ಎಲ್ಲ ಅಕ್ಕನೇ. ಆಮೇಲೆ ಆ ಅಕ್ಕ ಕಾರು ಓಡಿಸಲು ಕಲಿತು, ಹೆಂಗಸರಿಗೆ ಡ್ರೈವಿಂಗ್ ಕಲಿಸುವ ಶಾಲೆ ತೆರೆದು, ಹೊಟ್ಟೆ ಬಟ್ಟೆ ಕಟ್ಟಿ ತಂಗಿಯನ್ನು ಡಾಕ್ಟರು ಮಾಡಿದಳು. ಗಟ್ಟಿ ಗಂಟಲು, ದೊಡ್ಡ ಮೈ, ಮೈಗಿಂತ ದೊಡ್ಡ ನಗು. "ಬ್ರೇಕ್ ಇರೋದು ಕಾಲಲ್ಲಿ ಕಣಮ್ಮ, ಬಾಯಲ್ಲಲ್ಲ. ಕಿರುಚಿದ್ರೆ ಗಾಡಿ ನಿಲ್ಲಲ್ಲ" ಎಂದು ಅವಳು ಕಲಿಯುವವರಿಗೆ ಬೈಯುವುದು ಎರಡು ಬೀದಿಯಾಚೆಗೂ ಕೇಳುತ್ತಿತ್ತು. ಅಂಥವಳನ್ನು ಕಟ್ಟಿಕೊಂಡ ಭಾವ ಅಂಗಡಿಗಳಿಗೆ ಬೋರ್ಡು ಬರೆಯುವ ಮೆತ್ತನೆಯ ಮನುಷ್ಯ. ಊರಿಗೆಲ್ಲ ಕಾರು ಕಲಿಸಿದವಳ ಗಂಡನಿಗೆ ಸೈಕಲ್ಲೂ ಬಾರದು ಎಂದು ಅವರನ್ನು ಎಲ್ಲರೂ ಚುಡಾಯಿಸುತ್ತಿದ್ದರು, ಅಕ್ಕ ಎಲ್ಲರಿಗಿಂತ ಜಾಸ್ತಿ.

"ಏನಾಯ್ತೇ ಅಕ್ಕ?"

"ನಿನ್ನೆಯಿಂದ ಹೊಟ್ಟೇಲಿ ಹಿಂಡ್ತಾ ಇತ್ತು. ಗ್ಯಾಸು ಅಂತ ಸುಮ್ನಿದ್ದೆ. ಇವತ್ತು ಆ ಬ್ಯಾಂಕಿನ ಮೇಡಂಗೆ ಕ್ಲಾಸು. ಹಂಪ್ ಬಂದ್ರೆ ನಿಧಾನ ಮಾಡು ಅಂದ್ರೆ ಹಾರಿಸಿಬಿಟ್ಳು ಮಹಾತಾಯಿ. ಗಾಡಿ ಧಡ್ ಅಂತು ನೋಡು, ಇಲ್ಲಿ ಜೀವ ಹೋದ ಹಾಗಾಯ್ತು." ಅಕ್ಕ ಒಂದೇ ಬೆರಳಿನಲ್ಲಿ ಬಲಗಡೆ ಕೆಳಹೊಟ್ಟೆ ತೋರಿಸಿದಳು. "ಮೆಡಿಕಲ್ಲಿಂದ ನೋವಿನ ಮಾತ್ರೆ ತಂದು ನುಂಗಿದೀನಿ. ಈಗ ಪರವಾಗಿಲ್ಲ. ನಿನ್ನ ಸರ್ಜನ್ ಕೇಳ್ಬೇಕಲ್ಲ, ಸ್ಕ್ಯಾನ್ ಮಾಡಿಸ್ಕೊಂಡೇ ಬಾ ಅಂತ ಅಟ್ಟಿದ್ರು."

ರೋಗಿ ಒಂದೇ ಬೆರಳಿನಲ್ಲಿ ತೋರಿಸಿದರೆ, ಅದೂ ಹಂಪ್ ಹತ್ತಿದಾಗ ನೋವಾಯಿತು ಎಂದರೆ, ಬೇರೆ ಯಾರೇ ಆಗಿದ್ದರೂ ಒತ್ತಮ್ಮ ಮೈಯೆಲ್ಲ ಕಣ್ಣಾಗುತ್ತಿದ್ದಳು. ಇವಳು ಅಕ್ಕ. ಅಕ್ಕನಿಗೆ ಏನಾದೀತು? ಅವಳಿಗೆ ನೆಗಡಿಯಾದದ್ದೇ ನೆನಪಿಲ್ಲ.

ಜೆಲ್ ಹಚ್ಚಿ ಪ್ರೋಬ್ ಇಟ್ಟಳು. ಪರದೆಯ ಮೇಲೆ ಕೊಬ್ಬಿನ ಬೂದುಬಣ್ಣ, ಅದರ ಕೆಳಗೆ ಗಾಳಿಯ ಬಿಳಿ ಮಂಜು. ಮೆಲ್ಲಗೆ ಒತ್ತಿದಳು. ಮಂಜು ಒಂದಿಷ್ಟು ಸರಿಯಿತು. ಇನ್ನೊಂದು ಚೂರು ಒತ್ತಿದಳು.

"ಅಮ್ಮಾ!" ಎಂದು ಅಕ್ಕ ಕೂಗಿದಳು.

ಆ ಕೂಗು ಒತ್ತಮ್ಮ ದಿನಕ್ಕೆ ಎಷ್ಟೋ ಸಲ ಕೇಳುವ ಕೂಗು. ಆದರೆ ಅಕ್ಕನ ಬಾಯಿಂದ ಹುಟ್ಟಿದಂದಿನಿಂದ ಕೇಳಿರಲಿಲ್ಲ. ಅಮ್ಮ ಸತ್ತ ದಿನ ಸಹ ಅಕ್ಕ ಅಮ್ಮಾ ಎಂದು ಕೂಗಿರಲಿಲ್ಲ, ತಂಗಿ ಹೆದರಿಯಾಳು ಎಂದು ತುಟಿ ಕಚ್ಚಿ ನಿಂತಿದ್ದಳು. ಒತ್ತಮ್ಮನ ಕೈ ತಾನಾಗಿಯೇ ಮೇಲೆ ಬಂತು.

"ಒಂದೇ ನಿಮಿಷ ಕಣೆ, ತಡ್ಕೋ" ಎಂದು ಮತ್ತೆ ಇಟ್ಟಳು. ಅಕ್ಕ ಅವಳ ಮಣಿಕಟ್ಟು ಹಿಡಿದುಕೊಂಡಳು. "ಬೇಡ ಪುಟ್ಟಿ. ಬೇಡ ಕಣೆ. ಮೆತ್ತಗೆ ಮಾಡೆ." ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಗುತ್ತಿತ್ತು.

ಒತ್ತಮ್ಮ ಮೆತ್ತಗೆ ಮಾಡಿದಳು. ಪ್ರೋಬನ್ನು ಹೊಟ್ಟೆಯ ಮೇಲೆ ಸುಮ್ಮನೆ ಜಾರಿಸಿದಳು. ಎಡಗೈಯನ್ನು ಸೊಂಟದ ಕೆಳಗೆ ತೂರಿಸಲಿಲ್ಲ, ಹೊರಳಿಸಲೂ ಇಲ್ಲ. ಮೂತ್ರಪಿಂಡ ನೋಡಿದಳು, ಚೆನ್ನಾಗಿತ್ತು. ಪಿತ್ತಕೋಶ ನೋಡಿದಳು, ಕಲ್ಲಿರಲಿಲ್ಲ. ಗರ್ಭಕೋಶ, ಅಂಡಾಶಯ ಎಲ್ಲ ಸರಿ. ನೋಡಬೇಕಾದ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಲು ಶ್ರದ್ಧೆಯಿಂದ ನೋಡಿದಳು. ಕೆಳಗಡೆ ಮೂಲೆಯಲ್ಲಿ ಮಂಜು ಹಾಗೆಯೇ ಉಳಿದಿತ್ತು. ಇನ್ನೊಂದು ಚೂರು, ಇನ್ನೊಂದೇ ಚೂರು ಎಂದು ಅವಳ ಮನಸ್ಸು ಹೇಳುತ್ತಲೇ ಇತ್ತು. ಕೈ ಕೇಳಲಿಲ್ಲ.

ಜೆಲ್ ಒರೆಸುವಾಗ ಅಕ್ಕ ಆಗಲೇ ನಗುತ್ತಿದ್ದಳು. "ಮುಗೀತಾ? ಇಷ್ಟೇನಾ? ಇದಕ್ಕಾ ಜನ ನಿನ್ನ ಒತ್ತಮ್ಮ ಅನ್ನೋದು? ಹೊಟ್ಟೆ ಮೇಲೆ ಹತ್ತಿ ಇಟ್ಟ ಹಾಗಿತ್ತಲ್ಲೇ."

ಅಕ್ಕ ಬಟ್ಟೆ ಸರಿಮಾಡಿಕೊಂಡು ಹೊರಗೆ ಹೋದ ಮೇಲೆ ಸರ್ಜನ್ನರ ಫೋನ್ ಬಂತು.

"ನಿಮ್ಮಕ್ಕಂದು ಕಂಡಿತಾ?"

"ಕಾಣ್ಲಿಲ್ಲ ಸರ್."

"ಅಬ್ಬ, ಸದ್ಯ! ರಕ್ತ ಪರೀಕ್ಷೇಲಿ ಬಿಳಿ ಕಣ ಸ್ವಲ್ಪ ಜಾಸ್ತಿ ಇದೆ, ಅದಕ್ಕೇ ಅನುಮಾನ ಇತ್ತು. ನಿಮಗೇ ಕಾಣ್ಲಿಲ್ಲ ಅಂದ್ಮೇಲೆ ಇಲ್ಲ ಬಿಡಿ. ಮಾತ್ರೆ ಬರೆದು ಮನೆಗೆ ಕಳಿಸ್ತೀನಿ."

ಅಲ್ಲಿ ಒಂದು ಗಳಿಗೆ ಇತ್ತು. "ಇಲ್ಲ ಸರ್, ನಾನು ಒತ್ಲಿಲ್ಲ, ಸಿಟಿ ಮಾಡ್ಸಿ" ಎಂದರೆ ಮುಗಿದಿತ್ತು. ಸಿಟಿ ಯಂತ್ರ ಅದೇ ಕಾರಿಡಾರಿನ ಕೊನೆಯಲ್ಲಿತ್ತು. ಮಾತು ನಾಲಿಗೆಯ ತುದಿಗೆ ಬಂತು. ಒತ್ತಮ್ಮ ಒತ್ತಲಿಲ್ಲವಂತೆ ಎಂದು ನಾಳೆ ಟೀ ಹೊತ್ತಿಗೆ ನಗೆಪಾಟಲಾದೀತು ಎಂಬುದೊಂದು. ಅಕ್ಕನಿಗೆ ಏನೂ ಇಲ್ಲದಿರಲಿ ಎಂಬ ಆಸೆ ಇನ್ನೊಂದು. ಎರಡೂ ಸೇರಿ ಬಾಯಿಗೆ ಬೀಗ ಹಾಕಿದವು. "ಸರಿ ಸರ್" ಎಂದಳು. ರಿಪೋರ್ಟಿನಲ್ಲಿ "ಅಪೆಂಡಿಕ್ಸ್ ಕಾಣಲಿಲ್ಲ" ಎಂದು ಬರೆದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮುಂದಿನ ರೋಗಿಯನ್ನು ಒಳಗೆ ಕರೆದಳು.

ಮರುದಿನ ಬೆಳಿಗ್ಗೆ ಅಕ್ಕನ ಫೋನ್.

"ಹೋಯ್ತು ಕಣೆ! ನೋವು ಹೂವೆತ್ತಿದ ಹಾಗೆ ಹೋಯ್ತು. ರಾತ್ರಿಯೆಲ್ಲ ಒದ್ದಾಡ್ದೆ, ಬೆಳಗಾಗ್ತಾ ಫಟ್ ಅಂತ ನಿಂತುಹೋಯ್ತು."

ಒತ್ತಮ್ಮ ಕೈಯಲ್ಲಿದ್ದ ಟೀ ಕೆಳಗಿಟ್ಟಳು. ಅಪೆಂಡಿಕ್ಸಿನ ನೋವು ಮೆಲ್ಲಗೆ ಇಳಿದರೆ ಸಂತೋಷ. ಹೀಗೆ ಫಟ್ಟನೆ ನಿಂತರೆ ಒಡೆದಿರಬಹುದು. ಒಡೆದಾಗ ಒಳಗಿನ ಬಿಗಿತ ಕಳೆದು ರೋಗಿ ಸ್ವಲ್ಪ ಹೊತ್ತು ಹಾಯಾಗಿರುತ್ತಾನೆ. ಬೂದಿ ಮುಚ್ಚಿದ ಕೆಂಡ ಅದು. ಕೀವು ಹೊಟ್ಟೆಯೆಲ್ಲ ಹರಡಿದ ಮೇಲೆ ತನ್ನ ನಿಜ ಸ್ವರೂಪ ತೋರಿಸುತ್ತದೆ.

"ಅಕ್ಕ, ನೀನು ಈಗ್ಲೇ ಬಾ. ಇನ್ನೊಂದ್ಸಲ ನೋಡ್ಬೇಕು."

"ಅಯ್ಯೋ, ನಾನು ಹುಷಾರಾದ್ರೆ ನಿನಗೆ ಆಗಲ್ವೇನೇ? ಇವತ್ತು ಬ್ಯಾಂಕಿನ ಮೇಡಂಗೆ ರಿವರ್ಸು ಹೇಳ್ಕೊಡ್ಬೇಕು. ಅವಳು ಮುಂದಕ್ಕೆ ಓಡ್ಸೋದೇ ಹಿಂಗೆ, ಇನ್ನು ಹಿಂದಕ್ಕೆ! ಸಂಜೆ ಬರ್ತೀನಿ ಬಿಡು."

ಅಕ್ಕ ನಕ್ಕಳು. ಆ ನಗು ಎಷ್ಟು ಆರೋಗ್ಯವಾಗಿತ್ತೆಂದರೆ ಒತ್ತಮ್ಮ ಅದನ್ನು ನಂಬಿದಳು. ಇನ್ನೊಂದು ಸಲ ಬಾ ಎನ್ನಲಿಲ್ಲ. ಓದಿದ ವಿದ್ಯೆಯೆಲ್ಲ ಒಂದು ಕಡೆ ತೂಗಿ, ಅಕ್ಕನ ನಗು ಇನ್ನೊಂದು ಕಡೆ ತೂಗಿ, ನಗುವಿನ ಕಡೆ ವಾಲಿದಳು. ಪ್ರೀತಿ ಕುರುಡು ಎನ್ನುತ್ತಾರಲ್ಲ, ಅದು ಹುಡುಗ ಹುಡುಗಿಯರ ಮಾತೆಂದು ಅವಳು ತಿಳಿದಿದ್ದಳು.

ಸಂಜೆ ಅಕ್ಕ ಬಂದಳು, ಆದರೆ ತಾನಾಗಿ ಬರಲಿಲ್ಲ. ಬ್ಯಾಂಕಿನ ಮೇಡಮ್ಮೇ ಕಾರು ಓಡಿಸಿಕೊಂಡು ಕರೆತಂದಳು, ಪಕ್ಕದ ಸೀಟಿನಲ್ಲಿ ಅಕ್ಕ ಗಡಗಡ ನಡುಗುತ್ತಿದ್ದಳು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಮೈ ಸುಡುತ್ತಿತ್ತು, ಪಾದಗಳು ಮಾತ್ರ ತಣ್ಣಗಿದ್ದವು. ಸರ್ಜನ್ ಒಂದು ಸಲ ಮುಟ್ಟಿ ನೋಡಿದರು, ಒತ್ತಮ್ಮನ ಮುಖ ನೋಡಲಿಲ್ಲ. ಸಿಟಿ ಮಾಡಿಸಿದರು. ಹತ್ತು ನಿಮಿಷದ ಕೆಲಸ. ನಿನ್ನೆಯೂ ಅದು ಹತ್ತೇ ನಿಮಿಷದ ಕೆಲಸವಾಗಿತ್ತು. ಉಗುರಿನಲ್ಲಿ ಹೋಗುತ್ತಿದ್ದದ್ದಕ್ಕೆ ಈಗ ಕೊಡಲಿ ಎತ್ತಬೇಕಾಗಿತ್ತು.

ಆಪರೇಷನ್ ಥಿಯೇಟರಿನ ಬಾಗಿಲಿನ ತನಕ ಒತ್ತಮ್ಮ ಸ್ಟ್ರೆಚರಿನ ಜೊತೆಗೇ ನಡೆದಳು. ಅಕ್ಕನಿಗೆ ಉಸಿರು ಮೇಲೆ ಮೇಲೆ ಬರುತ್ತಿತ್ತು. ಆದರೂ ತಂಗಿಯ ಮುಖ ನೋಡಿ ಏನೋ ಹೇಳಬೇಕೆಂದು ಕೈ ಸನ್ನೆ ಮಾಡಿದಳು. ಒತ್ತಮ್ಮ ಬಗ್ಗಿದಳು.

"ನೀನು ನೋಡಿದಾಗ ಇರ್ಲಿಲ್ಲ ಅಲ್ವೇನೇ? ಆಮೇಲೆ ಬಂದಿರ್ಬೇಕು ಇದು."

ಅಕ್ಕ ಪ್ರಶ್ನೆ ಕೇಳುತ್ತಿರಲಿಲ್ಲ. ಯಾರೂ ತಂಗಿಯ ಮೇಲೆ ತಪ್ಪು ಹೊರಿಸದಂತೆ ಉತ್ತರವನ್ನು ತಾನೇ ಕಟ್ಟಿ ಕೈಗೆ ಕೊಡುತ್ತಿದ್ದಳು, ಚಿಕ್ಕಂದಿನಲ್ಲಿ ಊಟದ ಡಬ್ಬಿ ಕಟ್ಟಿ ಕೊಡುತ್ತಿದ್ದ ಹಾಗೆ. ಒತ್ತಮ್ಮ ಅದನ್ನು ಇಸಕೊಂಡಳು.

"ಹೂಂ ಅಕ್ಕ. ಆಮೇಲೆ ಬಂದಿದ್ದು."

"ಮತ್ತೆ? ನಾನು ಹೇಳಲಿಲ್ವಾ" ಎಂದಳು ಅಕ್ಕ. ಬಾಗಿಲು ಮುಚ್ಚಿತು. ಅಕ್ಕನ ಜೊತೆ ಒತ್ತಮ್ಮ ಆಡಿದ ಕೊನೆಯ ಮಾತು ಅದು. ಕೊನೆಯ ಮಾತೇ ಸುಳ್ಳಾಯಿತು.

ಆಪರೇಷನ್ ಮುಗಿಸಿ ಬಂದ ಸರ್ಜನ್ ಟೋಪಿ ತೆಗೆದರು. "ಹೊಟ್ಟೆ ತುಂಬ ಕೀವು. ಕರುಳಿನ ಹಿಂದೆ ಅಡಗಿ ಕೂತಿತ್ತು ಹಾಳಾದ್ದು. ನಿಮಗೇ ಕಾಣ್ಲಿಲ್ಲ ಅಂದ್ರೆ ಇನ್ಯಾರಿಗೆ ಕಾಣ್ತಿತ್ತು? ಮನಸ್ಸಿಗೆ ಹಚ್ಕೋಬೇಡಿ" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಒತ್ತಮ್ಮ ತಲೆಯಾಡಿಸಿದಳು. ಇಂಥ ಹಿಂದೆ ಅಡಗಿದವನ್ನು ಅವಳು ಎಷ್ಟು ಹೊಟ್ಟೆಗಳಲ್ಲಿ ಹಿಡಿದಿದ್ದಳು! ಎಡಗಡೆ ಹೊರಳಿಸಿ, ಹಿಂದಿನಿಂದ ಒತ್ತಿದರೆ ಸಿಗುತ್ತಿದ್ದವು. ರೋಗಿಗಳು ಅಳುತ್ತಿದ್ದರು, ಅಷ್ಟೆ. ಅತ್ತವರೆಲ್ಲ ಇವತ್ತು ಎಲ್ಲೋ ಊಟ ಮಾಡಿಕೊಂಡು, ಜಗಳ ಆಡಿಕೊಂಡು ಇದ್ದರು.

ಅಕ್ಕನನ್ನು ಐಸಿಯುನಲ್ಲಿ ಮಲಗಿಸಿದರು. ಬಾಯಿಗೆ ಉಸಿರಿನ ಕೊಳವೆ, ನಿದ್ದೆಯ ಮದ್ದು, ರಕ್ತದ ಒತ್ತಡಕ್ಕೆ ಇನ್ನೊಂದು ಮದ್ದು. ನಂಜು ರಕ್ತಕ್ಕೆ ಏರಿತ್ತು. ಮೊದಲು ಮೂತ್ರ ಕಡಿಮೆಯಾಯಿತು, ಆಮೇಲೆ ನಿಂತಿತು. ಭಾವ ಹೊರಗಿನ ಕುರ್ಚಿ ಬಿಟ್ಟು ಏಳಲಿಲ್ಲ. ಬೆರಳುಗಳಿಗೆ ಅಂಟಿದ್ದ ಕೆಂಪು ಬಣ್ಣವನ್ನು ಉಗುರಿನಿಂದ ಕೆರೆಯುತ್ತ ಕೂತಿರುತ್ತಿದ್ದರು, ಅರ್ಧ ಬರೆದ ಬೋರ್ಡು ಬಿಟ್ಟು ಬಂದಿದ್ದರು.

ಒತ್ತಮ್ಮ ಕೆಲಸಕ್ಕೆ ಹೋದಳು. ಮನೆಯಲ್ಲಿ ಕೂತು ಮಾಡುವುದೇನಿತ್ತು? ಆ ವಾರ ಅವಳು ಪ್ರೋಬ್ ಇಟ್ಟ ಹೊಟ್ಟೆಗಳಲ್ಲೆಲ್ಲ ಅಪೆಂಡಿಕ್ಸ್ ಸಿಕ್ಕಿತು. ಹುಡುಕುವ ಮೊದಲೇ ಸಿಕ್ಕಿತು, ಅಣಕಿಸುವುದಕ್ಕೆಂದೇ ಎದ್ದು ಬಂದಂತೆ ಪರದೆಯ ನಟ್ಟನಡುವೆ ಬಂದು ಕೂತಿತು. "ನಿಮ್ಮ ಕೈಗುಣ ದೊಡ್ಡದು ಮೇಡಂ" ಎಂದು ಒಬ್ಬ ರೋಗಿಯ ತಾಯಿ ಅವಳ ಎರಡೂ ಕೈ ಹಿಡಿದುಕೊಂಡಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ಒತ್ತಮ್ಮನ ತಲೆಯೊಳಗೆ ಬಂದು ಕೂತಿತು, ಎಬ್ಬಿಸಿದರೂ ಏಳಲಿಲ್ಲ.

ಒಂದು ಬೆಳಿಗ್ಗೆ ಐಸಿಯು ಡಾಕ್ಟರು ಹೇಳಿಕಳಿಸಿದರು. ಅಕ್ಕನ ಹೊಟ್ಟೆಯಲ್ಲಿ ಮತ್ತೆ ಎಲ್ಲಾದರೂ ಕೀವು ಕಟ್ಟಿದೆಯೇ ನೋಡಬೇಕು, ಸಿಟಿ ಕೋಣೆಗೆ ಸಾಗಿಸುವ ಸ್ಥಿತಿಯಲ್ಲಿ ಅಕ್ಕ ಇಲ್ಲ, ಹಾಸಿಗೆಯ ಹತ್ತಿರವೇ ಸ್ಕ್ಯಾನ್ ಮಾಡಬೇಕು. "ಬೇರೆಯವ್ರನ್ನ ಕರೀಲಾ?" ಎಂದು ಅವರು ಕೇಳಿದರು. ಒತ್ತಮ್ಮ ಬೇಡವೆಂದು ತಾನೇ ಯಂತ್ರ ತಳ್ಳಿಕೊಂಡು ಹೋದಳು.

ಗಾಯದ ಪಟ್ಟಿ ತಪ್ಪಿಸಿ ಪಕ್ಕದಲ್ಲಿ ಪ್ರೋಬ್ ಇಟ್ಟಳು. ಒತ್ತಿದಳು. ಅಕ್ಕ ಸುಮ್ಮನಿದ್ದಳು. ಇನ್ನೊಂದು ಚೂರು ಒತ್ತಿದಳು. ಎಡಗೈಯನ್ನು ಸೊಂಟದ ಕೆಳಗೆ ತೂರಿಸಿ ಹಿಂದಿನಿಂದಲೂ ಒತ್ತಿದಳು. ಅಮ್ಮಾ ಎನ್ನಲಿಲ್ಲ, ಮಣಿಕಟ್ಟು ಹಿಡಿಯಲಿಲ್ಲ, ರೆಪ್ಪೆ ಸಹ ಅಲುಗಲಿಲ್ಲ. ಗಾಳಿ ಸರಿಯಿತು, ಮಂಜು ಸರಿಯಿತು, ಆ ಮೂಲೆಯೆಲ್ಲ ಕನ್ನಡಿಯ ಹಾಗೆ ಕಂಡಿತು, ಹೊಸ ಕೀವು ಇರಲಿಲ್ಲ. ಇಷ್ಟೇ ಇತ್ತು. ಇಷ್ಟೇ ಒತ್ತಬೇಕಾಗಿತ್ತು. "ಕೂಗೆ ಅಕ್ಕ, ಒಂದ್ಸಲ ಕೂಗೆ" ಎಂದು ಒತ್ತಮ್ಮ ಅತ್ತಳು. ಪಕ್ಕದ ಹಾಸಿಗೆಯ ನರ್ಸು ತಲೆ ಆಚೆ ತಿರುಗಿಸಿಕೊಂಡಳು.

ಎರಡು ದಿನ ಕಳೆದು ಮಧ್ಯಾಹ್ನದ ಹೊತ್ತಿಗೆ ಅಕ್ಕ ತೀರಿಕೊಂಡಳು.

ಆಮೇಲಿನ ವಾರ ಅಕ್ಕನ ಮನೆಗೆ ಜನ ಬರುತ್ತಲೇ ಇದ್ದರು. ಅವಳಿಂದ ಗಾಡಿ ಕಲಿತ ಹೆಂಗಸರೇ ಎಷ್ಟೋ ಮಂದಿ. ಮನೆಯ ಮುಂದೆ ಬೀದಿಯುದ್ದಕ್ಕೂ ಕಾರುಗಳು, ಒಂದೊಂದೂ ನೇರವಾಗಿ, ಅಂಚಿಗೆ ಸರಿಯಾಗಿ ನಿಂತಿದ್ದವು. ಬಂದವರಿಗೆಲ್ಲ ಭಾವ ಒಂದೇ ಕಥೆ ಹೇಳುತ್ತಿದ್ದರು. ಒತ್ತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಸ್ಕ್ಯಾನ್ ಮಾಡಿಸ್ಕೊಂಡು ಬಂದ ಸಂಜೆ ಎಷ್ಟು ಖುಷಿಯಾಗಿದ್ಲು ಗೊತ್ತಾ? ಊರೆಲ್ಲ ಅವಳ ಕೈಗೆ ಹೆದರುತ್ತೆ, ನನಗೆ ಮಾತ್ರ ಹತ್ತಿ ಇಟ್ಟ ಹಾಗೆ ಮಾಡಿದ್ಲು ನನ್ನ ಪುಟ್ಟಿ, ಸಾಕಿದ್ದಕ್ಕೂ ಸಾರ್ಥಕ ಆಯ್ತು ಅಂತ ನೂರು ಸಲ ಹೇಳಿದ್ಲು. ಹೋಗೋ ಮುಂಚೆ ಅದೊಂದು ಸುಖ ಕಂಡ್ಲು."

ಕಡೆಯ ಕಾರೂ ಹೊರಟ ಮೇಲೆ ಒತ್ತಮ್ಮ ಬಂದು ಭಾವನ ಎದುರು ನೆಲದ ಮೇಲೆ ಕೂತಳು.

"ಭಾವ, ಆ ಕಥೆ ಹೇಳ್ಬೇಡಿ."

"ಯಾಕಮ್ಮ?"

"ನಾನು ಅವತ್ತು ಒತ್ತಬೇಕಿತ್ತು ಭಾವ. ನೋವಾದ್ರೂ ಒತ್ತಬೇಕಿತ್ತು. ಒತ್ತಿದ್ರೆ ಅಪೆಂಡಿಕ್ಸ್ ಕಾಣ್ತಿತ್ತು, ಅವತ್ತೇ ಆಪರೇಷನ್ ಮಾಡಿರೋರು. ಸರ್ಜನ್‌ಗಾದ್ರೂ ಹೇಳ್ಬೇಕಿತ್ತು ಒತ್ಲಿಲ್ಲ ಅಂತ. ಅದೂ ಹೇಳ್ಲಿಲ್ಲ. ನಾನು ಮೆತ್ತಗೆ ಮುಟ್ಟಿದ್ದಕ್ಕೇ ಅಕ್ಕ ಹೋದ್ಲು."

ಹೇಳಿ ಮುಗಿಸಿ ಅವಳು ತಲೆ ಬಗ್ಗಿಸಿದಳು. ಬೈಯಲಿ ಎಂದು ಕಾದಳು. ಹೊಡೆದರೂ ಆದೀತು, ಎದ್ದು ಹೋಗು ಎಂದರೂ ಆದೀತು, ಏನಾದರೊಂದು ಬರಲಿ ಎಂದು ಕಾದಳು.

ಭಾವ ಬೆರಳನ್ನು ಉಗುರಿನಿಂದ ಕೆರೆಯತೊಡಗಿದರು, ಬಣ್ಣವೆಲ್ಲ ಹೋಗಿ ಎಷ್ಟೋ ದಿನವಾಗಿತ್ತು. ಅವರಿಗೆ ಅರ್ಥವಾಗಿದೆ ಎಂಬುದು ಅದರಲ್ಲೇ ಗೊತ್ತಾಗುತ್ತಿತ್ತು.

"ಒತ್ತಿದ್ರೆ ಅವಳಿಗೆ ನೋಯ್ತಿತ್ತಲ್ಲಮ್ಮ" ಎಂದರು ಕೊನೆಗೆ.

"ಭಾವ, ನಾನು ಹೇಳ್ತಿರೋದು..."

"ಬೇಡ." ಭಾವ ಕೈ ಅಡ್ಡ ಹಿಡಿದರು. ಆ ಮೆತ್ತನೆಯ ಮನುಷ್ಯ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. "ಇನ್ನೊಂದ್ಸಲ ಹೇಳ್ಬೇಡ. ನನ್ನ ಹತ್ರಾನೂ ಬೇಡ, ಯಾರ ಹತ್ರಾನೂ ಬೇಡ. ಅವಳು ಆ ಸಂಜೆ ನಕ್ಕಿದ್ದು ಒಂದೇ ಈಗ ನನ್ನ ಹತ್ರ ಇರೋದು. ಅದನ್ನೂ ಕಿತ್ಕೊಂಡು ಹೋಗ್ತೀಯಾ?"

ಒತ್ತಮ್ಮ ಹೋಗಲಿಲ್ಲ. ಮರುದಿನ ಮತ್ತೆ ಜನ ಬಂದರು, ಭಾವ ಮತ್ತೆ ಅದೇ ಕಥೆ ಹೇಳಿದರು. ಬಂದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು, "ಹೌದೇನಮ್ಮ, ಅಷ್ಟು ಮೆತ್ತಗೆ ಮುಟ್ಟಿದ್ರಾ?" ಎಂದು ಅವಳ ಕಡೆ ತಿರುಗಿದಳು. ಭಾವ ಒತ್ತಮ್ಮನ ಮುಖವನ್ನೇ ನೋಡುತ್ತಿದ್ದರು.

"ಹೂಂ" ಎಂದಳು ಒತ್ತಮ್ಮ, "ಒಂಚೂರೂ ನೋಯಿಸಲಿಲ್ಲ."